ನೇರಳೆ ಮರದ ಐದು ತೂತು

ನೇರಳೆ ಗಿಡ ನೆಡುವುದಕ್ಕೆ ಒಂದು ಗುಂಡಿ, ನಾಲ್ಕು ಕೊಡ ನೀರು ಸಾಕು. ಅದೇ ಗಿಡ ಬೆಳೆದು ಮನೆಗಳ ನಡುವೆ ಸೂರು ಮೀರಿ ನಿಂತ ಮೇಲೆ ಇಳಿಸುವುದಕ್ಕೆ ಕ್ರೇನು ಬೇಕು, ಹಗ್ಗ ಹಿಡಿಯುವ ಆಳುಗಳು ಬೇಕು, ಸಾಗಿಸೋಕೆ ಲಾರಿ ಬೇಕು, ಬೊಡ್ಡೆ ಕೀಳುವವರಿಗೆ ಬೇರೆ ಕೂಲಿ. ವಠಾರದ ಯಜಮಾನಿ ಈ ಲೆಕ್ಕವನ್ನೆಲ್ಲ ಮರ ಕಡಿಯುವ ಮೇಸ್ತ್ರಿಯ ಬಾಯಿಂದ ಕೇಳಿ, ಅಂಗಳದಲ್ಲಿ ಎಲ್ಲರೆದುರಿಗೆ, "ಇಷ್ಟನ್ನೂ ಟೈಲರಮ್ಮನೇ ಕೊಡಲಿ. ಕೊಟ್ಟು ಮನೆ ಖಾಲಿ ಮಾಡಲಿ" ಅಂದುಬಿಟ್ಟರು.

ಟೈಲರಮ್ಮ ನೆಟ್ಟಗೆ ಮೂಲೆಮನೆಗೆ ಬಂದಳು. ಅಲ್ಲಿದ್ದವರು ಇಬ್ಬರೇ, ಅತ್ತಿಗೆ ಮತ್ತು ನಾದಿನಿ. ಅತ್ತಿಗೆ ತಲೆ ನರೆಯುವವರೆಗೆ ಲಾಂಡ್ರಿ ನಡೆಸಿದವರು. ವಠಾರದಲ್ಲಿ ಏನೇ ಕಳೆದರೂ, ಯಾರ ಮೇಲೆ ಅಪವಾದ ಬಂದರೂ ಜನ ಅವರ ಬಾಗಿಲು ತಟ್ಟುತ್ತಿದ್ದರು. ನಾದಿನಿ ಅವರ ಬಾಲ. ಹಾಗಂತ ಅವಳೇ ಹೇಳಿಕೊಳ್ಳುತ್ತಿದ್ದಳು.

"ಅಕ್ಕಾ, ಮರ ಒಣಗಿಹೋಗ್ಲಿ ಅಂತ ಬೈದಿದ್ದು ನಿಜ," ಅಂದಳು ಟೈಲರಮ್ಮ. "ಗಿರಾಕಿ ಬಟ್ಟೆ ಮೇಲೆ ಹಣ್ಣು ಬಿದ್ದು ಕಲೆಯಾದ್ರೆ ಯಾರು ಬೈಯಲ್ಲ? ಬೈಗುಳಕ್ಕೆ ಸಾಯೋದಾದ್ರೆ ನನ್ನ ಮಶೀನು ಯಾವತ್ತೋ ಸತ್ತಿರಬೇಕಿತ್ತು. ನನ್ನ ಗಿರಾಕಿಗಳೆಲ್ಲ ಈ ಎರಡು ಬೀದಿಯಲ್ಲೇ ಇರೋದು. ಇಲ್ಲಿಂದ ಎಬ್ಬಿಸಿದ್ರೆ ಅವರನ್ನ ಗಂಟು ಕಟ್ಟಿಕೊಂಡು ಹೋಗೋಕಾಗುತ್ತಾ?"

ಅವಳ ಮೇಲಿನ ಸಾಕ್ಷಿ ಗಟ್ಟಿಯಾಗಿಯೇ ಇತ್ತು. ಹಣ್ಣಿನ ಕಾಲ ಮುಗಿಯುತ್ತಿದ್ದಂತೆ ಮರದ ಎಲೆಯೆಲ್ಲ ಉದುರಿತ್ತು. ನೋಡಲು ಬಂದ ಮೇಸ್ತ್ರಿ ಬುಡದ ಕೆಸರು ಕೆರೆದಾಗ ಡ್ರಿಲ್ಲಿನಿಂದ ಕೊರೆದ ಐದು ತೂತು ಸಿಕ್ಕಿದ್ದವು, ಐದೂ ಟೈಲರಮ್ಮನ ಗೋಡೆಯ ಕಡೆಗೆ. ಅವಳ ಮನೆಯ ಹಿಂದಿನ ಕಸದ ಮೂಲೆಯಲ್ಲಿ ಕಳೆನಾಶಕದ ಖಾಲಿ ಡಬ್ಬವೂ ಸಿಕ್ಕಿತ್ತು.

ಅತ್ತಿಗೆ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. ತೂತುಗಳ ಬಾಯಿಗೆ ಯಾರೋ ಬೂದುಬಣ್ಣದ ಏನನ್ನೋ ಮೆತ್ತಿ ಮುಚ್ಚಿದ್ದರು. ಹೇರ್‌ಪಿನ್ನಿನಿಂದ ಚೂರು ಕಿತ್ತು, ನಲ್ಲಿಗೆ ಹೋಗಿ ಕೈಗೆ ಉಜ್ಜಿಕೊಂಡರು. ನೊರೆ ಬಂತು.

"ಸೋಪು!" ನಾದಿನಿಗೆ ನಗು ಬಂತು. "ಮರಕ್ಕೂ ಸ್ನಾನ ಮಾಡಿಸಿದಾರಲ್ಲ ಅತ್ತಿಗೆ."

"ಉಜ್ಜಿ ನೋಡು."

ನಾದಿನಿ ಉಜ್ಜಿದಳು. ಸಣ್ಣ ಮರಳು ಹರಳು ಹರಳಾಗಿ ಚರ್ಮಕ್ಕೆ ತಾಗಿತು. ಅತ್ತಿಗೆ ಮರದ ಇನ್ನೊಂದು ಮಗ್ಗುಲಿಗೆ ಹೋದರು. ಅಲ್ಲಿ ಬೇರಿನ ಸಂದಿಯಲ್ಲಿ ತಟ್ಟೆಯಗಲದ ಅಣಬೆ, ಹಳೇದಾಗಿ ಮರದಷ್ಟೇ ಗಟ್ಟಿಯಾಗಿತ್ತು. ಅದರ ಮೇಲುಗಡೆ ಕಾಂಡವನ್ನು ಗೆಣ್ಣಿನಿಂದ ಕುಟ್ಟಿದರು. ಖಾಲಿ ಡ್ರಮ್ಮಿನ ಸದ್ದು.

ಮರದ ಕೆಳಗೆ ಅದೇ ವಠಾರದ ಡ್ರೈವರಣ್ಣನ ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ಅಂಗೈಯಷ್ಟು ತಗ್ಗು. "ಹೋದ ವಾರ ಒಣಕೊಂಬೆ ಬಿತ್ತು," ಅಂದ ಅವನು. "ಸತ್ತು ಕೂಡ ನನ್ನನ್ನ ಬಿಡಲಿಲ್ಲ ಈ ಮರ. ಇಷ್ಟು ದಿನ ಹಕ್ಕಿ ಹಿಕ್ಕೆ ತೊಳೆದು ತೊಳೆದು ಕೈ ಸವೆದಿತ್ತು."

"ಮತ್ತೆ ಇಲ್ಲೇ ಯಾಕೆ ನಿಲ್ಲಿಸ್ತೀಯಾ?" ಅಂತ ಅತ್ತಿಗೆ ಕೇಳಿದರು.

"ಅಭ್ಯಾಸ ಅಕ್ಕಾ. ನೆರಳಿತ್ತಲ್ಲ."

"ಗ್ರೀಸು ಆದ್ರೆ ಕೈ ಯಾತರಲ್ಲಿ ತೊಳೀತೀಯಾ?"

ಅವನು ಕಾರಿನ ಡಿಕ್ಕಿಯಿಂದ ಬೂದುಬಣ್ಣದ ಸೋಪು ತೆಗೆದು ತೋರಿಸಿದ. ಅದರಲ್ಲೂ ಮರಳಿತ್ತು. ನಾದಿನಿ ಅತ್ತಿಗೆಯ ಸೆರಗು ಜಗ್ಗಿದಳು, ಅತ್ತಿಗೆ ತಿರುಗಿ ನೋಡಲಿಲ್ಲ.

ಗೇಟಿನ ಪಕ್ಕದ ಷೆಡ್ಡಿನಲ್ಲಿ ಯಜಮಾನಿಯ ಅಳಿಯ ಪಂಪು ರಿಪೇರಿ ಮಾಡುತ್ತಿದ್ದ. ಮದುವೆಯಾದಂದಿನಿಂದ ಹೆಂಡತಿಯ ಮನೆಯಲ್ಲೇ ಇದ್ದವನು. ದಪ್ಪ ಹಗ್ಗವೊಂದನ್ನು ರಾಟೆಗೆ ಹಾಕಿ, ಇಬ್ಬರು ಸೇರಿದರೂ ಎತ್ತಲಾಗದ ಪಂಪನ್ನು ತೂಗುಹಾಕಿದ್ದ. ತೊಟ್ಟಿಯ ಅಂಚಿನಲ್ಲಿ ಅಂಥದೇ ಬೂದು ಸೋಪು.

"ಮರ ಹೋಯ್ತು, ಬಿಡಿ ಅಕ್ಕಾ," ಅಂದ. "ಯಾರನ್ನ ಹಿಡಿದು ಏನು ಪ್ರಯೋಜನ? ಪಾಪ, ಆಯಮ್ಮನ್ನ ಬಿಟ್ಟುಬಿಡಿ ಅಂತ ಅತ್ತೆಗೂ ಹೇಳಿದೆ."

ಅವನ ಪುಟ್ಟ ಮಗಳು ಬಾಗಿಲಲ್ಲಿ ಕೂತು ನಟ್ಟು ಬೋಲ್ಟು ಜೋಡಿಸುತ್ತಿದ್ದಳು. "ಮರದ ಉಯ್ಯಾಲೆ ಬಿಟ್ಟು ಇದೇನು ಆಟ ನಿಂದು?" ಅಂತ ನಾದಿನಿ ಸುಮ್ಮನೆ ಮಾತಿಗೆ ಕೇಳಿದಳು.

"ಅಪ್ಪ ಬಿಚ್ಚಿಬಿಟ್ರು. ಪಂಪಿಗೆ ಹಾಕಿರೋ ಈ ಹಗ್ಗವೇ, ಲಡ್ಡಾಗಿದೆಯಂತೆ. ಆವಾಗಿನ್ನೂ ಮರದ ತುಂಬ ಹಣ್ಣಿತ್ತು."

ಅಳಿಯನ ಕೈಯಲ್ಲಿದ್ದ ಸ್ಪ್ಯಾನರು ಒಂದು ಕ್ಷಣ ನಿಂತು, ಮತ್ತೆ ತಿರುಗಿತು. ಅತ್ತಿಗೆ ನೆಟ್ಟಗೆ ಮನೆಗೆ ನಡೆದರು. "ಗೊತ್ತಾಗದೆ ಇದ್ದಿದ್ರೆ ಚೆನ್ನಾಗಿತ್ತು ಕಣೇ," ಅಂದದ್ದು ಅಷ್ಟೇ.

ಸಂಜೆ ಯಜಮಾನಿಯ ನಡುಮನೆಯಲ್ಲಿ ವಠಾರದವರೆಲ್ಲ ಸೇರಿದರು. ಟೈಲರಮ್ಮ ಹೊಸ್ತಿಲು ದಾಟದೆ ಬಾಗಿಲ ಬಳಿಯೇ ನಿಂತಳು.

"ಡಬ್ಬ ಸಿಕ್ಕಿದ್ದು ಕಸದ ಮೂಲೆಯಲ್ಲಿ," ಅಂತ ಅತ್ತಿಗೆ ಶುರುಮಾಡಿದರು. "ಆ ಮೂಲೆಗೆ ನಾವೆಲ್ಲರೂ ಕಸ ಹಾಕ್ತೀವಿ. ತೂತು ಇವಳ ಗೋಡೆ ಕಡೆ ಇವೆ, ಯಾಕಂದ್ರೆ ಅಲ್ಲಿ ಕೂತು ಕೊರೆದ್ರೆ ಅಂಗಳಕ್ಕೆ ಕಾಣಲ್ಲ. ಇನ್ನು ತೂತು ಮುಚ್ಚಿದ್ದು ಮರಳು ಸೋಪಿಂದ. ಅದು ಬಟ್ಟೆಗೆ ತಾಗಿದ್ರೆ ನೂಲು ಹರಿಯುತ್ತೆ. ಟೈಲರ್ ಆದವಳು ಅದನ್ನ ಮನೆಯೊಳಕ್ಕೇ ಬಿಡಲ್ಲ. ಅದನ್ನ ಇಟ್ಟುಕೊಳ್ಳೋರು ಇಲ್ಲಿ ಇಬ್ಬರೇ."

"ನನ್ನನ್ನ ಯಾಕೆ ನೋಡ್ತೀರಿ?" ಅಂದ ಡ್ರೈವರಣ್ಣ.

"ನೀನಲ್ಲ ಮಾರಾಯ. ಮರಕ್ಕೆ ವಿಷ ಹಾಕಿದವನಿಗೆ ಕೊಂಬೆ ಬೀಳುತ್ತೆ ಅಂತ ಗೊತ್ತಿರುತ್ತೆ. ನೀನು ಕೊಂಬೆ ಬಿದ್ದ ಮೇಲೂ ಕಾರು ಅಲ್ಲೇ ನಿಲ್ಲಿಸಿದ್ದೀಯಾ. ಇನ್ನೊಬ್ಬರು, ಒಂದು ಎಲೆ ಕೂಡ ಬಾಡೋ ಮುಂಚೆ ಉಯ್ಯಾಲೆ ಬಿಚ್ಚಿದ್ರು. ಹಗ್ಗ ಲಡ್ಡಾಗಿದೆ ಅಂದ್ರು. ಅದೇ ಹಗ್ಗ ಇವತ್ತು ಪಂಪು ಹೊತ್ತುಕೊಂಡು ನಿಂತಿದೆ."

ಯಜಮಾನಿ ಅಳಿಯನ ಕಡೆ ತಿರುಗಿದರು. ಅವನು ನೆಲ ನೋಡುತ್ತಿದ್ದ.

"ಹೋದ ವರ್ಷವೇ ಅಣಬೆ ಕಂಡೆ," ಅಂದ ಕೊನೆಗೆ. "ಕುಟ್ಟಿದ್ರೆ ಒಳಗೆ ಪೊಳ್ಳು. ಅತ್ತೆ, ನಿಮಗೆ ಹೇಳಿದೆ. 'ನೆಟ್ಟವರು ನಾವು, ನೀನು ನಿನ್ನೆ ಬಂದವನು' ಅಂದ್ರಿ. ಮನೆ ಅಳಿಯ ಎರಡನೇ ಸಲ ಬಾಯಿ ತೆಗೆಯೋ ಹಾಗಿದೆಯಾ? ಒಣಗಿದ್ರೆ ನೀವೇ ಕಡಿಸ್ತೀರಿ ಅಂದ್ಕೊಂಡೆ. ಇದು ಟೈಲರಮ್ಮನ ತಲೆಗೆ ಬರುತ್ತೆ ಅಂತ ಗೊತ್ತಿರಲಿಲ್ಲ."

"ಬಂದ ಮೇಲೆ ಗೊತ್ತಾಯ್ತಲ್ಲ," ಅಂದಳು ಟೈಲರಮ್ಮ.



"ಅದಕ್ಕಿಂತ ದೊಡ್ಡ ತಪ್ಪು ಇದೆ," ಅತ್ತಿಗೆಯ ದನಿ ಏರಲಿಲ್ಲ. "ಪೊಳ್ಳು ಮರವನ್ನ ಒಣಗಿಸಿ ಇನ್ನೂ ಅಪಾಯ ಮಾಡಿದೆಯಪ್ಪ. ನಿನ್ನ ಮಗಳ ಉಯ್ಯಾಲೆ ಬಿಚ್ಚಿಕೊಂಡೆ. ಮಿಕ್ಕ ಮನೆ ಮಕ್ಕಳು ನಿನ್ನೆವರೆಗೂ ಅದರ ಕೆಳಗೇ ಆಡ್ತಿದ್ರು." ಆಮೇಲೆ ಯಜಮಾನಿಯತ್ತ ನೋಡಿದರು. "ನೀವೂ ಅಷ್ಟೇ ಅಮ್ಮ. ಮರ ಇರಬೇಕೋ ಹೋಗಬೇಕೋ ಅಂತ ಮರವನ್ನ ನೋಡಿ ಹೇಳಬೇಕಿತ್ತು. ನೀವು ಅಳಿಯನ್ನ ನೋಡಿ ಹೇಳಿದ್ರಿ."

ಯಜಮಾನಿಗೆ ಅಳು ಬರುತ್ತದೆ ಅಂತ ನಾದಿನಿ ಕಾದಳು, ಬರಲಿಲ್ಲ. "ಕ್ರೇನಿನವರಿಗೆ ಹೇಳಿ ಕಳಿಸು," ಅಂದರು ಅಳಿಯನಿಗೆ.

ಮರ ಇಳಿಸಿದ ದಿನ ಕಾಂಡದೊಳಗೆ ಇಬ್ಬರು ಮಕ್ಕಳು ಕೂರುವಷ್ಟು ಟೊಳ್ಳು ಕಂಡಿತು. ಹೇಗಿದ್ದರೂ ಹೋಗಬೇಕಾದ ಮರ, ಅಂದ ಮೇಸ್ತ್ರಿ. ಅಳಿಯ ಹೇಳಿದಾಗಲೇ ಕರೆಸಿದ್ದರೆ ಕೊಂಬೆಯ ಭಾರ ಇಳಿಸಿ ಇನ್ನೊಂದೆರಡು ಹಣ್ಣಿನ ಕಾಲ ನಿಲ್ಲಿಸಬಹುದಿತ್ತಂತೆ. ವಿಷ ಬೇರಿಂದ ಬೇರಿಗೆ ಹರಿದು ಪಕ್ಕದ ಎಳೆ ನೇರಳೆಯೂ ಆಗಲೇ ಬಾಡಿತ್ತು.

ಯಜಮಾನಿ ತಾವೇ ಟೈಲರಮ್ಮನ ಬಾಗಿಲಿಗೆ ಹೋಗಿ ಇರು ಅಂತ ಕೇಳಿಕೊಂಡರು.

"ನೀವು ಬಂದು ಕರೆದಿದ್ದೇ ದೊಡ್ಡದಮ್ಮ," ಅಂದಳು ಅವಳು, ಮಶೀನಿಗೆ ಗೋಣಿ ಸುತ್ತುತ್ತ. "ಆದರೆ ಆವತ್ತು ಅಂಗಳದಲ್ಲಿ ಎಲ್ಲರೂ ಇದ್ರು. ಎಲ್ಲರ ಅಳತೆಯೂ ನನ್ನ ಹತ್ರ ಇದೆ. ಇವಳು ಹಾಗೆ ಮಾಡೋಳಲ್ಲ ಅಂತ ಒಬ್ಬರೂ ಅನ್ನಲಿಲ್ಲ."

ವಠಾರದ ಮಕ್ಕಳ ಮೇಲೆ ಕೊಂಬೆ ಬೀಳಲಿಲ್ಲ, ಟೈಲರಮ್ಮನ ಹೆಸರಿಗೆ ಮೆತ್ತಿದ ಕಲೆ ಹೋಯಿತು. ಎರಡು ನೇರಳೆ ಮರ ಹೋದವು. ಟೈಲರಮ್ಮನೂ ಹೋದಳು.