ತೃಪ್ತಿಪತ್ರದ ಏಳು ಸಹಿ

ಗ್ರಾಹಕರ ನ್ಯಾಯವೇದಿಕೆಯ ಬೆಂಚಿನ ಮೇಲೆ ಕೂತ ಕಮಲಾಕ್ಷಿಗೆ, ತಾನು ಕೇಸು ಹಾಕಿದ ಕಾರಿನ ಮೇಲಿನ ಸಿಟ್ಟೂ ಇಳಿದುಹೋಗಿತ್ತು. ಉಳಿದಿದ್ದು ಸುಸ್ತು. ಹೈದರಾಬಾದಿನ ಸಾಫ್ಟ್‌ವೇರಿನವರೆಲ್ಲ ಸಾಲುಸಾಲಾಗಿ ಕಾರು ಕೊಳ್ಳುತ್ತಿದ್ದ ಕಾಲದಲ್ಲಿ ಅವಳೂ ಒಂದು ಕೊಂಡಿದ್ದಳು. ಅದು ಕೋಠಿ ಬಜಾರಿನ ಜನಜಂಗುಳಿಯಲ್ಲಿ, ಫ್ಲೈಓವರಿನ ಏರಿನಲ್ಲಿ, ಎಲ್ಲೆಂದರಲ್ಲಿ ನಿಂತು ಅವಳ ಮೂವತ್ತಾರನೆಯ ವರ್ಷವನ್ನು ಪೂರ್ತಿ ತಿಂದುಹಾಕಿತು.

ಇವತ್ತು ಚುಚ್ಚುತ್ತಿದ್ದುದು ಬೇರೆ ಸಂಗತಿ. ಎದುರಿಗೆ, ಡೀಲರನ ವಕೀಲರ ಪಕ್ಕದಲ್ಲಿ, ಅವರ ಸಾಕ್ಷಿಯಾಗಿ ಚಂದ್ರಕಾಂತ ಕೂತಿದ್ದ.

ಬೀದರಿನ ಚಂದ್ರಕಾಂತ ಡೀಲರನ ವರ್ಕ್‌ಶಾಪಿನಲ್ಲಿ ರಿಪೇರಿಗೆ ಬಂದ ಕಾರುಗಳನ್ನು ಬರೆದುಕೊಳ್ಳುವ ಸರ್ವಿಸ್ ಅಡ್ವೈಸರ್. ಮೊದಲ ದಿನ ಅವಳು ಅಮ್ಮನ ಜೊತೆ ಫೋನಿನಲ್ಲಿ ಆಡಿದ ರಾಯಚೂರಿನ ಮಾತು ಕೇಳಿ, ಹಿಂದಿ ಬಿಟ್ಟು, ಚಾ ಕುಡೀತೀರೇನ್ರಿ ಎಂದು ಕೇಳಿದ್ದ. ಅಷ್ಟಕ್ಕೇ ಅವಳು ಕರಗಿದ್ದಳು. ಆಮೇಲೆ ಕಾರು ಕೆಟ್ಟಾಗಲೆಲ್ಲ ಅದಕ್ಕೆ ಶಾಪ ಹಾಕುತ್ತಲೇ ಒಳ್ಳೆಯ ಚೂಡಿದಾರ್ ಹುಡುಕುತ್ತಿದ್ದಳು, ಪಾಪ. ಅವನು ನಗು ತಡೆಯಲು ತುಟಿ ಬಿಗಿಹಿಡಿದು, ಕಣ್ಣಲ್ಲೇ ನಗುತ್ತ ಕಾಗದ ಮುಂದಿಡುತ್ತಿದ್ದ. ಅವಳು ಸಹಿ ಮಾಡುತ್ತಿದ್ದಳು.

ಅದೇ ಎಡವಟ್ಟಾಯಿತು. ಕಾರನ್ನು ರಿಪೇರಿಗೆ ಬಿಡುವಾಗಲೇ, ಕೆಲಸ ಸರಿಯಾಗಿದೆ ಎಂದು ಒಪ್ಪುವ ತೃಪ್ತಿಪತ್ರಕ್ಕೂ ಖಾಲಿಯಿರುವಾಗಲೇ ಸಹಿ ಹಾಕಿಸಿಕೊಳ್ಳುವುದು ಆ ವರ್ಕ್‌ಶಾಪಿನ ರೂಢಿ. ಅಂಥ ಏಳು ಪತ್ರಗಳನ್ನು ವಕೀಲರು ಈಗ ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಹರಡಿದ್ದರು. ತಯಾರಿಕೆಯಲ್ಲೇ ದೋಷವಿದ್ದರೆ ಕಾನೂನಿನ ಪ್ರಕಾರ ಹೊಸ ಕಾರು ಕೊಡಬೇಕು, ಇಲ್ಲವೇ ಹಣ ವಾಪಸ್ಸು. ಆದರೆ ಪ್ರತಿ ಸಲವೂ ರಿಪೇರಿಯಾಗಿದೆ ಎಂದು ಈಕೆಯೇ ಒಪ್ಪಿದ್ದಾರಲ್ಲ ಎಂಬುದು ಅವರ ವಾದ. ಓದದೆ ಯಾಕೆ ಸಹಿ ಮಾಡಿದಿರಿ ಎಂದು ವೇದಿಕೆಯ ಅಧ್ಯಕ್ಷರು ಕೇಳಿದಾಗ ಅವಳು ಚಂದ್ರಕಾಂತನ ಕಡೆ ನೋಡಿದಳು. ಆ ಉಪಚಾರ, ಆ ಕನ್ನಡ, ಎಲ್ಲ ಈ ಸಹಿಗಾಗಿಯೇ ಇತ್ತೇ? ಕೇಸು ಸೋಲುವುದಕ್ಕಿಂತ ಆ ಅನುಮಾನವೇ ಅವಳಿಗೆ ಹೆಚ್ಚು ನೋಯುತ್ತಿತ್ತು.

ಚಂದ್ರಕಾಂತನ ಸರದಿ ಬಂತು. ಅವನು ವಕೀಲರ ಕಡೆ ನೋಡಲಿಲ್ಲ. ಸಹಿ ಮಾಡಿಸಿಕೊಂಡಾಗ ಕಾಗದ ಖಾಲಿಯಿತ್ತು, ಕಾರಿನ ಬಾನೆಟ್ ಕೂಡ ತೆರೆದಿರಲಿಲ್ಲ, ತೃಪ್ತಿಯ ಮಾತನ್ನು ಆಮೇಲೆ ತಾನೇ ತುಂಬಿದ್ದು ಎಂದು ಮೆಲ್ಲಗೆ ಹೇಳಿದ. ಎಂಜಿನ್ನಿನ ದೋಷ ರಿಪೇರಿಗೆ ಬಗ್ಗುವಂಥದ್ದಲ್ಲವೆಂದು ಮೂರನೆಯ ಸಲಕ್ಕೇ ವರ್ಕ್‌ಶಾಪಿಗೆಲ್ಲ ಗೊತ್ತಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಅವನ ನೌಕರಿ ಅಲ್ಲಿಗೆ ಮುಗಿಯಿತೆಂದು ಕೂತವರಿಗೆಲ್ಲ ತಿಳಿಯಿತು. ವಕೀಲರು ಪತ್ರಗಳನ್ನು ಒಟ್ಟುಮಾಡಿ ಫೈಲಿಗೆ ಸೇರಿಸಿದರು.

ಹೊರಗೆ ಮೆಟ್ಟಿಲ ಮೇಲೆ ಅವಳೇ ಹೋಗಿ ಅವನ ಪಕ್ಕ ನಿಂತಳು. ಇಬ್ಬರ ಮುಖದಲ್ಲೂ ದಣಿವಿತ್ತು.

"ಮೊದಲ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀವು ಮತ್ತ ಬರತಿದ್ದಿಲ್ರಿ," ಎಂದ ಅವನು, ನೆಲ ನೋಡುತ್ತ. "ತಪ್ಪು ನಂದ ಐತಿ."

ಸಿಟ್ಟು ಮಾಡಬೇಕೆಂದುಕೊಂಡಳು. ಆಗಲಿಲ್ಲ.

"ನಾ ಕಾಗದ ನೋಡತಿದ್ದಿಲ್ರಿ. ನಿಮ್ಮನ್ನ ನೋಡಾಕತ್ತಿದ್ದೆ. ಇನ್ನ ಮ್ಯಾಲೆ ನಾವು ಭೆಟ್ಟಿ ಆಗಾಕ ಕಾರು ಕೆಡಬೇಕಂತಿಲ್ಲ."

ಅವನು ತಲೆಯೆತ್ತಿ, ನಾಳೆ ಮನೆಗೆ ಬರಲೇ ಎಂದು ಕೇಳಿದ. ನಾಳೆಯವರೆಗೆ ಕಾಯುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಅವನ ತೋಳು ಹಿಡಿದುಕೊಂಡೇ ಮೆಟ್ಟಿಲಿಳಿದಳು.