ಕಲ್ಲುಮೊಣಕಾಲಿನ ಜರಿಗಿಡ

ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಲ್ಲು ಮೂಡಿರದ ಕಾಲದಲ್ಲಿ ಮುತ್ತಿನಕೋಟೆ ಎಂಬ ಒಂದು ರಾಜ್ಯವಿತ್ತು. ಅದನ್ನು ರಣಧವಳನೆಂಬ ಅರಸ ಆಳುತ್ತಿದ್ದ. ಹೆಸರೇನೋ ರಣಧವಳ, ಅವನು ಕತ್ತಿ ಹಿಡಿದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಒಂದು ವರ್ಷ ರೋಹಿಣಿ ಮಳೆ ಹುಟ್ಟಿದ ದಿನ ಕಾಳಜಟಿ ಎಂಬ ಮಾಂತ್ರಿಕ ಬಂದ. ಊರ ಪಕ್ಕದ ಬೆಟ್ಟದ ನೆತ್ತಿಯಲ್ಲಿ ಕೂತು ತನ್ನ ಜಡೆ ಬಿಚ್ಚಿ ಹರಡಿದ. ಜಡೆ ಕೋಟೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಚಪ್ಪರದಂತೆ ಕವಿಯಿತು. ಮಳೆ ಅದರ ಸಂದಿನಿಂದ ಸೋರಿ ಕೆಳಗೆ ಬರುತ್ತಿತ್ತು, ಬಿಸಿಲು ಬರುತ್ತಿರಲಿಲ್ಲ.

"ಇನ್ನು ಈ ಊರು ನನ್ನದು. ಊರಿನ ಜನ ನನ್ನ ಆಳುಗಳು," ಎಂದ ಕಾಳಜಟಿ, ಅರಮನೆಯ ತೋಟದ ಬಾಗಿಲಿಗೆ ಇಳಿದುಬಂದು.

ರಣಧವಳ ಓಡಿಹೋಗಿ ಕಾಲಿಗೆ ಬಿದ್ದ. ಮಾಂತ್ರಿಕರಿಗೆಲ್ಲ ಇರುವ ಒಂದು ಚಟ ಕಾಳಜಟಿಗೂ ಇತ್ತು. ಪಂಥವೆಂದರೆ ಅವನಿಗೆ ಪ್ರಾಣ.

"ಹಾಗಾದರೆ ಒಂದು ಪಂಥ. ನಿನ್ನ ಅರಮನೆಯ ತೋಟದಲ್ಲಿ ಒಂದೇ ಒಂದು ಗಿಡ ಹುಟ್ಟಿಸಿ ಬೆಳೆಸು. ಬೇರುಸಹಿತ ಕಿತ್ತು ತಂದು ನೆಟ್ಟರೆ ಒಪ್ಪುವುದಿಲ್ಲ. ಅದು ಮಳೆ, ಚಳಿ, ಬೇಸಿಗೆ ಮೂರನ್ನೂ ದಾಟಿ, ಬರುವ ವರ್ಷ ರೋಹಿಣಿ ಹುಟ್ಟುವ ದಿನ ಹೊತ್ತು ಮುಳುಗುವಾಗ ಬದುಕಿದ್ದರೆ ನಾನು ಸೋತೆ, ನನ್ನ ಮಂತ್ರವೆಲ್ಲ ಅಳಿದುಹೋಗಲಿ. ಸತ್ತಿದ್ದರೆ ಊರು ನನ್ನದು. ಒತ್ತೆಗೆ ಇವನಿರಲಿ."

ಇವನು ಎಂದದ್ದು ತೋಟದ ಹಿರಿಯ ಮಾಲಿ ಸಣ್ಣೀರಯ್ಯನನ್ನು. ಮಾಂತ್ರಿಕ ಬೆರಳು ತೋರಿಸುತ್ತಲೇ, ತೋಟದ ಬಾಗಿಲ ಗೋಡೆಯ ಪಕ್ಕ ನಿಂತಿದ್ದ ಸಣ್ಣೀರಯ್ಯನ ಪಾದಗಳು ಕಲ್ಲಾದವು. ಕಲ್ಲು ದಿನದಿನಕ್ಕೆ ಎಳ್ಳಷ್ಟೆಳ್ಳಷ್ಟೇ ಮೇಲೇರಿ ವರ್ಷ ತುಂಬಿದ ಸಂಜೆ ಅವನ ನೆತ್ತಿ ಮುಟ್ಟುವುದೆಂದು ಹೇಳಿ ಕಾಳಜಟಿ ಬೆಟ್ಟಕ್ಕೆ ಹೋದ.

ಸಣ್ಣೀರಯ್ಯನಿಗೆ ದೇವೀರಿ ಎಂಬ ಮಗಳಿದ್ದಳು. ಹದಿನೆಂಟು ವರ್ಷ. ತಾಯಿ ಇರಲಿಲ್ಲ, ಅಣ್ಣತಮ್ಮಂದಿರಿರಲಿಲ್ಲ. ಊರು ಯಾರ ಪಾಲಾದರೂ ಆಗಲಿ, ಅವಳಿಗೆ ಅಪ್ಪ ಬೇಕಿತ್ತು.

ಅರಸ ಏಳು ದಿಕ್ಕಿಗೆ ಏಳು ಹಡಗು ಕಳಿಸಿ ಏಳು ದೇಶದ ಬೀಜ ತರಿಸಿದ. ಬೀಜಗಳು ಮೊಳೆತವು. ಬಿಸಿಲು ಹುಡುಕಿಕೊಂಡು ಬಿಳಿಚಿ ಉದ್ದಕ್ಕೆ ಬೆಳೆದವು, ಕುತ್ತಿಗೆ ಮುರಿದು ಬಿದ್ದವು. ಮಂತ್ರಿ ಹಡಗಿನವರನ್ನು ಬೈದ. ಹಡಗಿನವರು ಸಮುದ್ರವನ್ನು ಬೈದರು.

ದೇವೀರಿ ಮಾತ್ರ ಬೇರೆ ಯೋಚನೆ ಮಾಡಿದಳು. ನಮ್ಮ ಮಣ್ಣಿನಲ್ಲೇ ಬಿಸಿಲು ಕಾಣದೆ ಬದುಕಿರುವುದು ಯಾವುದಿದೆ? ಅರಮನೆಯ ಹಿಂದೆ ಒಂದು ಹಾಳುಬಾವಿ ಇತ್ತು. ಅದರೊಳಗೆ ಎಂದೂ ಬಿಸಿಲು ಇಳಿದದ್ದಿಲ್ಲ. ಆದರೂ ಅದರ ಕಲ್ಲುಕಲ್ಲಿನ ಸಂದಿಯಲ್ಲೂ ಜರಿಗಿಡ ಹಸಿರಾಗಿ ಜೋತಾಡುತ್ತಿತ್ತು. ಅವಳು ಒಂದು ಗರಿ ಕಿತ್ತು ತಂದು ಅರಸನ ಮುಂದೆ ಇಟ್ಟಳು.

"ಬುದ್ಧಿ, ಇದನ್ನ ಬೆಳೀತೀನಿ."

ಮಂತ್ರಿ ನಕ್ಕ. "ಹಾಳುಬಾವಿಯ ಕಳೆ! ಹೂವಿಲ್ಲ, ಕಾಯಿಲ್ಲ. ಬೀಜ ಎಲ್ಲಿಂದ ತರ್ತೀಯೆ ಹುಡುಗಿ?"

ದೇವೀರಿ ಗರಿ ಮಗುಚಿ ತೋರಿಸಿದಳು. ಬೆನ್ನಿಗೆ ರಾಗಿಕಾಳು ಅಂಟಿಸಿದಂತೆ ಸಾಲಾಗಿ ಕಂದುಚುಕ್ಕಿಗಳಿದ್ದವು. "ಇದರ ಬೀಜ ಬೆನ್ನಮ್ಯಾಲೈತೆ ಬುದ್ಧಿ. ಹಿತ್ತಲ ಗಿಡ ಮದ್ದಲ್ಲ ಅಂತ ನೀವು ಯಾರೂ ಮಗುಚಿ ನೋಡಿಲ್ಲ, ಅಷ್ಟೇಯ."

ಅರಸನಿಗೆ ಬೇರೆ ದಾರಿಯಿರಲಿಲ್ಲ. ಹೂಂ ಎಂದ.

ದೇವೀರಿ ಗರಿಗಳನ್ನು ಬಟ್ಟೆಯಲ್ಲಿ ಮಡಿಚಿ ಎರಡು ದಿನ ಇಟ್ಟಳು. ಕಂದುಬಣ್ಣದ ಹುಡಿ ಉದುರಿತು, ನಶ್ಯಕ್ಕಿಂತ ನಯವಾಗಿ. ತೋಟದ ಬಾಗಿಲ ಗೋಡೆಯ ಮೇಲೆ ನೀರು ಚಿಮುಕಿಸಿ ಆ ಹುಡಿಯನ್ನು ಊದಿದಳು. ಅಪ್ಪನ ಕಣ್ಣೆದುರೇ ಇರಲಿ ಎಂದು ಆ ಗೋಡೆಯನ್ನೇ ಆರಿಸಿದ್ದಳು. ಆಮೇಲೆ ಎಲೆ ಕೊಳೆಸಿ ಗೊಬ್ಬರ ಮಾಡಿ ತರಲು ಕಾಡಂಚಿಗೆ ಹೋದಳು.

ಅವಳು ತಿಂಗಳು ಕಳೆದು ಬರುವಷ್ಟರಲ್ಲಿ ಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು.

"ಅಪ್ಪಯ್ಯಾ, ಗ್ವಾಡೆ ಮ್ಯಾಲೆ ಏನೂ ಬರಲಿಲ್ವಾ?"

"ಎಲ್ಲಿ ಬಂತು ಮಗಾ? ಬರೀ ಪಾಚಿ ಕಟ್ಟಿತ್ತು. ಕಾಲು ಕಲ್ಲಾದ್ರೂ ಕೈ ಐತಲ್ಲ ಅಂತ ಕುರ್ಪಿ ತಕ್ಕೊಂಡು ಕೆರೆದಾಕ್ದೆ. ನೋಡು, ಎಷ್ಟು ಚೊಕ್ಕಟ ಆಗೈತೆ!"

ನಲವತ್ತು ವರ್ಷ ಆ ಗೋಡೆಗೆ ಪಾಚಿ ಕಟ್ಟಲು ಬಿಟ್ಟವನಲ್ಲ ಸಣ್ಣೀರಯ್ಯ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ದೇವೀರಿ ನೆಲದ ಮೇಲೆ ಬಿದ್ದಿದ್ದ ಹಕ್ಕಳೆಯನ್ನು ಎತ್ತಿ ನೋಡಿದಳು. ಅದು ಪಾಚಿಯಲ್ಲ. ಉಗುರಿನಷ್ಟಗಲದ ಹಸಿರು ಬಿಲ್ಲೆಗಳು, ವೀಳ್ಯದೆಲೆಯ ಆಕಾರದವು. ಜರಿಗಿಡ ಮೊದಲು ಹುಟ್ಟುವುದೇ ಹಾಗೆ. ಗರಿ ಬರುವುದು ಆಮೇಲೆ.

ಅವಳು ಅಲ್ಲೇ ಕೂತು ಗೊಳೋ ಎಂದು ಅತ್ತಳು. ಸಣ್ಣೀರಯ್ಯನಿಗೆ ತಾನು ಮಾಡಿದ್ದೇನೆಂದು ತಿಳಿದು ಕುರ್ಪಿ ಕೈಜಾರಿತು.

"ನನ್ನ ಕೈ ಕತ್ತರಿಸಾಕು ಮಗಾ," ಎಂದ.

"ಕೈ ಯಾಕಪ್ಪಯ್ಯ ಕತ್ತರಿಸ್ಲಿ? ನಿನ್ನನ್ನ ಉಳಿಸ್ಕಳಾಕೆ ಅಲ್ವಾ ಇಷ್ಟೆಲ್ಲ?" ಎಂದು ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಕಲ್ಲು ಸಣ್ಣೀರಯ್ಯನ ಮೊಣಕಾಲಿನವರೆಗೆ ಏರಿತ್ತು. ದೇವೀರಿ ಆ ಕಲ್ಲನ್ನು ಮುಟ್ಟಿದಳು. ಒರಟಾಗಿ, ತಣ್ಣಗೆ, ಒದ್ದೆಯಾಗಿ ಇತ್ತು. ಮೊಣಕಾಲಿನ ಹತ್ತಿರ ಸಣ್ಣಸಣ್ಣ ಬಿರುಕುಗಳಿದ್ದವು, ಬಾವಿಯ ಕಲ್ಲಿಗೆ ಇದ್ದ ಹಾಗೆಯೇ. ಅವಳು ಬಿರುಕಿಗೆ ಕೊಳೆತ ಎಲೆಯ ಮಣ್ಣು ಒತ್ತಿದಳು, ನೀರು ಚಿಮುಕಿಸಿದಳು, ಉಳಿದ ಹುಡಿಯನ್ನೆಲ್ಲ ಅದರ ಮೇಲೆ ಊದಿದಳು.

"ಈಗ ಏನು ಹುಟ್ಟಿದ್ರೂ ಮುಟ್ಬ್ಯಾಡ ಅಪ್ಪಯ್ಯಾ."

"ಮುಟ್ಟಿದ್ರೆ ಕೇಳವ್ವ," ಎಂದು ಸಣ್ಣೀರಯ್ಯ ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡ. ತನ್ನ ಮೊಣಕಾಲಿಗೇ ಪಾಚಿ ಕಟ್ಟಿದಂತಾದಾಗ ಪಾಪ, ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದ.

ಬಿಲ್ಲೆ ಹುಟ್ಟಿತು. ಬಿಲ್ಲೆಯಿಂದ ಚಕ್ಕುಲಿಯಂತೆ ಸುತ್ತಿಕೊಂಡ ಒಂದು ಎಳೆ ಬಂತು. ಎಳೆ ಬಿಚ್ಚಿ ಗರಿಯಾಯಿತು. ಬೆಟ್ಟದ ಮೇಲಿಂದ ಅದನ್ನು ಕಂಡ ಕಾಳಜಟಿ ಹಲ್ಲು ಕಡಿದ.

ಮಳೆಗಾಲದಲ್ಲಿ ಅವನು ಒಂದು ಬಸವನಹುಳು ಕಳಿಸಿದ. ಎಮ್ಮೆಯಷ್ಟು ದಪ್ಪದ ಹುಳು. ಅದು ದಾರಿಯಲ್ಲಿ ಸಿಕ್ಕ ಹಸಿರನ್ನೆಲ್ಲ ಮೇಯುತ್ತ ತೋಟದ ಬಾಗಿಲಿಗೆ ಬಂದಿತು.

"ಬಸವಣ್ಣಾ, ನಿಂಗೆ ಎಳೇದು ಇಷ್ಟವೋ, ಕೊಳೆತದ್ದು ಇಷ್ಟವೋ?" ಎಂದು ಕೇಳಿದಳು ದೇವೀರಿ.

"ಕೊಳೆತದ್ದೇ ಇಷ್ಟ. ಆದರೆ ನಿಮ್ಮೂರ ತೋಟ ಬಲು ಚೊಕ್ಕಟ. ಕೊಳೆತದ್ದು ಎಲ್ಲಿದೆ?" ಎಂದಿತು ಹುಳು.

ದೇವೀರಿ ಅದನ್ನು ಅರಮನೆಯ ಹಿಂದಕ್ಕೆ ಕರೆದೊಯ್ದಳು. ಏಳು ದೇಶದ ಗಿಡಗಳು ಅಲ್ಲಿ ಗುಡ್ಡೆಯಾಗಿ ಕೊಳೆಯುತ್ತಿದ್ದವು. ಬಸವನಹುಳು ಮಳೆಗಾಲ ಮುಗಿಯುವವರೆಗೂ ಅದನ್ನೇ ತಿಂದು, ಚಿಪ್ಪಿನೊಳಗೆ ಸೇರಿ ನಿದ್ದೆಹೋಯಿತು.

ಆಗ ಕಲ್ಲು ಸಣ್ಣೀರಯ್ಯನ ಸೊಂಟಕ್ಕೆ ಬಂದಿತ್ತು. "ಬದುಕೈತಾ ಮಗಾ?" ಎಂದು ಕೇಳಿದ. "ಬದುಕೈತೆ ಕಣಪ್ಪಯ್ಯಾ," ಎಂದಳು.

ಚಳಿಗಾಲದಲ್ಲಿ ಕಾಳಜಟಿ ಏಳು ನವಿಲು ಕಳಿಸಿದ. ಅವಕ್ಕೆ ಬಾಲದ ಬದಲು ಪೊರಕೆಯಿತ್ತು. ನವಿಲುಗಳು ಕುಣಿಯುತ್ತ ಕುಣಿಯುತ್ತ ತೋಟ ಗುಡಿಸಿದವು. ಒಂದು ತರಗೆಲೆ ಉಳಿಯಲಿಲ್ಲ. ಊರಿನವರು ಚಪ್ಪಾಳೆ ತಟ್ಟಿದರು, ಅರಸ ಭೇಷ್ ಎಂದ. ದೇವೀರಿ ಮಾತ್ರ ಗಿಡದ ಬುಡಕ್ಕೆ ಓಡಿದಳು. ತರಗೆಲೆಯೇ ಜರಿಗಿಡದ ಕಂಬಳಿ. ಅದು ಹೋದರೆ ಚಳಿಗಾಳಿ ಬೇರನ್ನು ಒಣಗಿಸಿಬಿಡುತ್ತದೆ.

ಅವಳು ಕಾಡಂಚಿನಿಂದ ಬುಟ್ಟಿಗಟ್ಟಲೆ ತರಗೆಲೆ ತಂದಳು. ಸಗಣಿನೀರಿನಲ್ಲಿ ನೆನೆಸಿ ಅಪ್ಪನ ಕಲ್ಲುಕಾಲಿನ ಸುತ್ತ ಮೆತ್ತಿದಳು. ಗಿಡದ ಹಳೆಯ ಒಣಗರಿಗಳನ್ನು ಕತ್ತರಿಸದೆ ಅದರ ಬುಡದ ಮೇಲೆಯೇ ಮಡಿಚಿಟ್ಟಳು. ನವಿಲುಗಳು ಮತ್ತೆ ಗುಡಿಸಲು ಬಂದವು. ಪೊರಕೆಗೆಲ್ಲ ಸಗಣಿ ಮೆತ್ತಿಕೊಂಡು ಬಾಲ ಎತ್ತಲಾಗದೆ ಹೋಯಿತು. ನಾಚಿಕೆಯಿಂದ ಕಾಡಿಗೆ ಓಡಿಹೋದವು.

ಆಗ ಕಲ್ಲು ಎದೆಗೆ ಬಂದಿತ್ತು. "ಬದುಕೈತಾ ಮಗಾ?" ಎಂದು ಸಣ್ಣೀರಯ್ಯ ಮೆಲ್ಲಗೆ ಕೇಳಿದ. "ಬದುಕೈತೆ ಕಣಪ್ಪಯ್ಯಾ," ಎಂದಳು.

ಬೇಸಿಗೆ ಬಂದಿತು. ಕಾಳಜಟಿ ಯಾವ ಪ್ರಾಣಿಯನ್ನೂ ಕಳಿಸಲಿಲ್ಲ. ದೇವೀರಿ ದಿನಕ್ಕೆ ಮೂರು ಬಾರಿ ಬಾವಿಯಿಂದ ನೀರು ಹೊತ್ತು ಚಿಮುಕಿಸುತ್ತ ಕಾದಳು. ಜರಿಗಿಡ ಮೊಳದುದ್ದ ಬೆಳೆದು ಅಪ್ಪನ ಕಾಲನ್ನು ಮುಚ್ಚಿತ್ತು. ಕಲ್ಲು ಅವನ ಗಂಟಲು ದಾಟಿ ತುಟಿ ಮುಟ್ಟಿತು, ಮಾತು ನಿಂತಿತು. ಕಣ್ಣು ಮಾತ್ರ ಮಗಳ ಹಿಂದೆಯೇ ತಿರುಗುತ್ತಿತ್ತು.

ಕೊನೆಗೆ ರೋಹಿಣಿ ಹುಟ್ಟುವ ದಿನ ಬಂತು. ನಡುಹಗಲಲ್ಲಿ ಕಾಳಜಟಿ ಬೆಟ್ಟದಿಂದ ಕೂಗಿದ.

"ವರ್ಷವೆಲ್ಲ ಬಿಸಿಲು ಬಿಸಿಲು ಅಂತ ಅಳುತ್ತಿದ್ದಿರಲ್ಲ? ತಗೊಳ್ಳಿ!"

ಹಾಗೆಂದು ಜಡೆಯನ್ನೆಲ್ಲ ಸರಸರನೆ ಸುತ್ತಿಕೊಂಡುಬಿಟ್ಟ. ಒಂದು ವರ್ಷದ ಬಿಸಿಲು ಒಂದೇ ಸಲಕ್ಕೆ ಊರಿನ ಮೇಲೆ ಬಿದ್ದಿತು. ಜನ ಹುಚ್ಚೆದ್ದು ಕುಣಿದರು. ಮುದುಕರು ಬೆನ್ನು ಕಾಯಿಸಿಕೊಂಡರು, ಹೆಂಗಸರು ಹಪ್ಪಳ ಒಣಹಾಕಿದರು. ಮಾಂತ್ರಿಕ ಸೋತನೆಂದು ಅರಸ ನಗಾರಿ ಬಾರಿಸಿದ.

ತೋಟದ ಬಾಗಿಲಲ್ಲಿ ಜರಿಗಿಡದ ಗರಿಗಳು ಒಂದೊಂದಾಗಿ ಸುರುಟತೊಡಗಿದವು. ನೆರಳಲ್ಲಿ ಹುಟ್ಟಿ ನೆರಳಲ್ಲಿ ಬೆಳೆದ ಗಿಡಕ್ಕೆ ರೋಹಿಣಿಯ ಬಿಸಿಲು ಬೆಂಕಿಯೇ. ಎಳ್ಳಷ್ಟೆಳ್ಳಷ್ಟೇ ಏರುತ್ತಿದ್ದ ಕಲ್ಲು ಅಂದು ಬೇಗಬೇಗ ಏರಿ ಸಣ್ಣೀರಯ್ಯನ ಮೂಗಿನ ಬುಡಕ್ಕೆ ಬಂದಿತು. ದೇವೀರಿ ತನ್ನ ಸೆರಗು ಹಿಡಿದು ನಿಂತಳು. ಸೆರಗಿನ ನೆರಳು ಸಾಲಲಿಲ್ಲ.

"ಅಯ್ಯೋ ಬನ್ರಪ್ಪಾ! ಬಿಸಿಲು ಬ್ಯಾಡ, ನೆರಳು ಬೇಕು! ಗಿಡ ಸತ್ರೆ ನಮ್ಮಪ್ಪಯ್ಯ ಸಾಯ್ತಾನೆ, ನೀವೆಲ್ಲ ಆಳಾಗ್ತೀರ!" ಎಂದು ಕಿರುಚಿದಳು.

ಕುಣಿಯುತ್ತಿದ್ದವರು ನಿಂತರು. ಮೊದಲು ಒಬ್ಬ ಕುರುಬ ತನ್ನ ಕಂಬಳಿ ತಂದು ಹಿಡಿದ. ಆಮೇಲೆ ಒಬ್ಬಳು ಚಾಪೆ ತಂದಳು, ಇನ್ನೊಬ್ಬಳು ಮೊರ ತಂದಳು. ವರ್ಷವೆಲ್ಲ ಬಿಸಿಲಿಗೆ ಬಾಯಿಬಿಟ್ಟಿದ್ದ ಜನ ಈಗ ಬಿಸಿಲಿಗೆ ಬೆನ್ನೊಡ್ಡಿ, ಗಿಡದ ಸುತ್ತ ಗೋಡೆಯಂತೆ ನಿಂತರು. ನೆತ್ತಿಯ ಮೇಲೆ ಮಾತ್ರ ಒಂದು ಕಿಂಡಿ ಉಳಿಯಿತು. ಅಲ್ಲಿಂದ ಬಿಸಿಲು ನೇರ ಗಿಡದ ಸುಳಿಗೇ ಬೀಳುತ್ತಿತ್ತು.

ಆಗ ಅರಸ ರಣಧವಳ ಬಂದ. ಅವನ ತಲೆಯ ಮೇಲೆ ಬಿಳಿಪಟ್ಟೆಯ ಕೊಡೆಯಿತ್ತು. ಅರಸನ ತಲೆ ಬಿಟ್ಟು ಆ ಕೊಡೆ ಬೇರೆಯವರಿಗೆ ನೆರಳು ಕೊಡಕೂಡದೆಂಬುದು ಆ ವಂಶದ ಕಟ್ಟಳೆ. ಮಂತ್ರಿ ಬೇಡ ಬೇಡ ಎಂದು ಕೈ ಆಡಿಸಿದ. ಅರಸ ಸಣ್ಣೀರಯ್ಯನ ಕಣ್ಣು ನೋಡಿದ. ಕೊಡೆಯವನ ಕೈಯಿಂದ ಕೊಡೆ ಕಿತ್ತುಕೊಂಡು, ತಾನೇ ಜರಿಗಿಡದ ಮೇಲೆ ಹಿಡಿದು ಹೊತ್ತು ಮುಳುಗುವವರೆಗೆ ನಿಂತ. ಯುದ್ಧ ಕಾಣದ ಅರಸನ ಮುಖದಿಂದ ಅಂದು ಬೆವರು ಧಾರೆಯಾಗಿ ಸುರಿಯಿತು.

ಹೊತ್ತು ಮುಳುಗುವಾಗ, ಕಲ್ಲು ಸಣ್ಣೀರಯ್ಯನ ಕಣ್ಣು ಕಿವಿ ದಾಟಿ ನೆತ್ತಿಯ ಹತ್ತಿರ ಬಂದಿರಲು, ಕಾಳಜಟಿ ಇಳಿದುಬಂದ. "ಒಣಗಿ ಸುರುಟಿದೆ, ಸತ್ತಿದೆ. ಊರು ನನ್ನದು," ಎಂದ.

ದೇವೀರಿ ಒಣಗರಿಗಳನ್ನು ಸರಿಸಿದಳು. ಬುಡದ ನಡುವೆ ಕಂದುಕೂದಲು ಹೊದ್ದ ಒಂದು ಹಸಿರು ಸುರುಳಿಯಿತ್ತು. ಅದರ ಮೇಲೆ ಬೊಗಸೆ ನೀರು ಬಿಟ್ಟಳು. ಎಲ್ಲರೂ ನೋಡುತ್ತಿದ್ದಂತೆಯೇ ಸುರುಳಿ ಮೆಲ್ಲನೆ ತಲೆಯೆತ್ತಿ ಒಂದು ಸುತ್ತು ಬಿಚ್ಚಿತು.

"ಬದುಕೈತೆ ಕಣಪ್ಪಯ್ಯಾ!" ಎಂದಳು ದೇವೀರಿ. ಅಪ್ಪ ಕೇಳದಿದ್ದರೂ ಹೇಳಿದಳು.

ಕಾಳಜಟಿಯ ಜಡೆ ತಾನಾಗಿ ಉದುರಿ ಬೂದಿಯಾಯಿತು. ಮಂತ್ರವೆಲ್ಲ ಹೋಗಿ ಅವನು ಬೋಳುತಲೆಯ ಬಡಮುದುಕನಾದ. ಸಣ್ಣೀರಯ್ಯನ ಮೈಮೇಲಿನ ಕಲ್ಲು ಹಲಸಿನ ಸಿಪ್ಪೆಯಂತೆ ಸೀಳಿ ನಿಂತಿತು, ಅದರೊಳಗಿಂದ ಅವನು ಗಿಡಕ್ಕೆ ತಾಗದಂತೆ ಕಾಲೆತ್ತಿಟ್ಟು ಈಚೆಗೆ ಬಂದು ಮಗಳನ್ನು ತಬ್ಬಿಕೊಂಡ. ಇಬ್ಬರೂ ಬಹಳ ಹೊತ್ತು ಅತ್ತರು.

ಕಾಳಜಟಿಯನ್ನು ಏನು ಮಾಡುವುದೆಂದು ಅರಸ ಕೇಳಿದ. "ನೀರು ಹೊರೋರು ಬೇಕು ಬುದ್ಧಿ," ಎಂದಳು ದೇವೀರಿ. ಅವನು ಸಾಯುವವರೆಗೂ ಬಾವಿಯಿಂದ ಆ ತೋಟಕ್ಕೆ ನೀರು ಹೊತ್ತು ಸುಖವಾಗಿದ್ದ. ಅಪ್ಪ ಮಗಳು ಸುಖವಾಗಿದ್ದರು, ಊರೂ ಸುಖವಾಗಿತ್ತು. ಮಾರನೆಯ ದಿನ ಕೊಡೆ ವಾಪಸು ತರಲು ಮಂತ್ರಿ ಆಳುಗಳನ್ನು ಕಳಿಸಿದ. ಅರಸ ಬೇಡವೆಂದ. ಬಿಳಿಪಟ್ಟೆಯ ಕೊಡೆ ಜರಿಗಿಡದ ಮೇಲೆಯೇ ಉಳಿಯಿತು. ಅಂದಿನಿಂದ ಮುತ್ತಿನಕೋಟೆಯ ಅರಸರೆಲ್ಲ ಬಿಸಿಲಲ್ಲೇ ನಡೆದರು.