ಬಿಸಿಲಿಗೆ ಬಂದರೆ ಮೂರ್ಛೆ

“ಇವತ್ತು ಸಂಜೆಯೊಳಗೆ ನನ್ನ ಕೆಲಸ ಹೋಗುತ್ತೆ ಸಾರ್,” ಎನ್ನುತ್ತಲೇ ಆಕೆ ನಮ್ಮ ಮನೆಗೆ ಬಂದಳು. ಉಪಗ್ರಹ ಕೇಂದ್ರದ ಆಪರೇಟರ್. ಮೂರು ಸಲ ಉಪಗ್ರಹ ಇದ್ದಕ್ಕಿದ್ದಂತೆ ಮೂರ್ಛೆ ಹೋಗಿತ್ತು, ಅಂದರೆ ಅದರ ಕಂಪ್ಯೂಟರ್ ನಿಂತು ಸಂಕೇತ ಕಡಿದಿತ್ತು. ಮೂರು ಸಲವೂ ಪಾಳಿ ಆಕೆಯದೇ. ತಪ್ಪು ಗುಂಡಿ ಒತ್ತಿದ್ದಾಳೆಂದು ಮುಖ್ಯಸ್ಥರು ವಜಾಪತ್ರ ಬರೆಸಿ, ಎಲ್ಲರ ಮುಂದೆ ಓದಿಯೂ ಇಟ್ಟಿದ್ದರು.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ವೈರಿಂಗ್ ಕೆಲಸ ಬಿಟ್ಟ ಮೇಲೆ ಕಂಡವರ ಗೋಜಲು ಬಿಡಿಸುವುದನ್ನೇ ಕಸುಬು ಮಾಡಿಕೊಂಡಿದ್ದರು. ಅವರ ಚೀಲ ಹೊರುವವನು ನಾನು.

“ಯಾವಾಗ ಮೂರ್ಛೆ ಹೋಯ್ತಮ್ಮಾ?”

“ಭೂಮಿಯ ನೆರಳು ದಾಟಿ ಬಿಸಿಲಿಗೆ ಬಂದ ಕೂಡಲೇ. ಆ ಹೊತ್ತಿನ ಪಾಳಿ ಯಾವಾಗಲೂ ನಂದೇ ಸಾರ್.”

“ಬಿಸಿಲಿಗೆ ಬಂದ್ರೆ ಎಚ್ಚರ ಆಗ್ಬೇಕಲ್ವಾ?” ಎಂದೆ. ನನಗಂತೂ ತಲೆಬುಡ ತಿಳಿಯಲಿಲ್ಲ.

ಆಕೆಯ ಜೊತೆ ಕೇಂದ್ರಕ್ಕೆ ಹೋದೆವು. ಅಲ್ಲಿಯ ಗೋಡೆಯಲ್ಲೊಂದು ಫೋಟೋ: ಕಪ್ಪು ಉಪಗ್ರಹ, ಅದರ ಮೇಲೆ ತಟ್ಟೆಯಗಲದ ಬಿಳಿ ಲಾಂಛನ, ಪಕ್ಕದಲ್ಲಿ ಬ್ರಷ್ ಹಿಡಿದ ಮುಖ್ಯಸ್ಥರು. ಹಾರಿಸುವ ಮುನ್ನ ಲಾಂಛನವನ್ನು ಮುಖ್ಯಸ್ಥರೇ ಬರೆಯುವುದು ಅಲ್ಲಿಯ ವಾಡಿಕೆ.

“ಯಾವಾಗಲೂ ಇಷ್ಟು ದೊಡ್ಡದಾ?” ಭಾವ ಕೇಳಿದರು.

“ಇಲ್ಲ, ಕಾಸಿನಗಲ. ಈ ಸಲ ಫೋಟೋದಲ್ಲಿ ಕಾಣ್ಲಿ ಅಂತ,” ಎಂದಳು ಆಕೆ.

“ಅದರ ಮೇಲೆ ಬಿಸಿಲು ಬೀಳುತ್ತಾ?”

“ಅದು ಯಾವಾಗಲೂ ನೆರಳಿನ ಬದಿ ಸಾರ್.”

ಭಾವ ನಕ್ಕರು. ನನಗೆ ರೇಗಿತು. ಹುಡುಗಿಯ ಅನ್ನ ಹೋಗುತ್ತಿದೆ, ಇವರಿಗೆ ಬಣ್ಣದ ಚಿಂತೆ!

ಸಂಜೆ ಎಲ್ಲರನ್ನೂ ಸೇರಿಸಿ ಭಾವ ಹೇಳಿದರು: “ನೆರಳಲ್ಲಿರುವಾಗ ಸುತ್ತಲಿನ ಎಲೆಕ್ಟ್ರಾನುಗಳು ಉಪಗ್ರಹದ ಮೈಗೆಲ್ಲ ಅಂಟಿಕೊಳ್ತವೆ. ಬಿಸಿಲು ಬಿದ್ದ ಕೂಡಲೇ ಅದು ಅವನ್ನ ಒದ್ದು ಓಡಿಸುತ್ತೆ. ಅದಕ್ಕೆ ಬಳಿದ ಕಪ್ಪು ಬಣ್ಣದಲ್ಲಿ ಕರೆಂಟ್ ಹರಿಯುತ್ತೆ, ಹಾಗಾಗಿ ಒಂದು ಬದಿ ಬಿಸಿಲು ಕಂಡರೂ ಇಡೀ ಮೈ ಹಗುರ. ಬಿಳಿ ಬಣ್ಣದಲ್ಲಿ ಹರಿಯಲ್ಲ, ಮೇಲೆ ಬಿಸಿಲೂ ಇಲ್ಲ. ಅಲ್ಲಿ ಕೂತವು ಕೂತೇ ಇರ್ತವೆ, ಕಾಸಿನಗಲದಲ್ಲಿ ಕೂರೋದಕ್ಕಿಂತ ತಟ್ಟೆಯಗಲದಲ್ಲಿ ಎಷ್ಟೋ ಹೆಚ್ಚು. ಒಂದೇ ಮೈಯಲ್ಲಿ ಇಷ್ಟು ವ್ಯತ್ಯಾಸ ಆದ್ರೆ ಕಿಡಿ ಹಾರದೆ ಇರುತ್ತಾ? ಆ ಕಿಡಿಗೆ ಕಂಪ್ಯೂಟರ್ ಮೂರ್ಛೆ.”

“ಕತೆ ಚೆನ್ನಾಗಿದೆ,” ಎಂದರು ಮುಖ್ಯಸ್ಥರು.

“ಹಾಗಾದ್ರೆ ಈ ಸಲ ಲಾಂಛನವನ್ನೇ ಬಿಸಿಲಿಗೆ ತಿರುಗಿಸಿ. ಗುಂಡಿ ಒತ್ತೋದು ಇವಳೇ.”

ಉಪಗ್ರಹ ನೆರಳಿನಿಂದ ಹೊರಬಂತು. ಒಂದು ನಿಮಿಷ, ಐದು, ಹತ್ತು. ಪರದೆಯಲ್ಲಿ ಅಂಕಿಗಳು ಸಲೀಸಾಗಿ ಓಡುತ್ತಲೇ ಇದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರಲ್ಲ ಎಂದು ನನಗೆ ಆಗ ಹೊಳೆಯಿತು.

ಮುಖ್ಯಸ್ಥರು ಬೆವರೊರೆಸಿಕೊಂಡು, ವಜಾಪತ್ರವನ್ನು ಮೆಲ್ಲಗೆ ಮಡಚಿ ಜೇಬಿಗೆ ಇಳಿಸಹೊರಟರು.

“ಜೇಬಿಗಲ್ಲ ಸಾರ್,” ಎಂದಳು ಆಕೆ. “ನನ್ನ ತಪ್ಪು ಅಂತ ಎಲ್ಲರ ಮುಂದೆ ಓದಿದ್ರಿ. ಎಲ್ಲರ ಮುಂದೇ ಹರೀರಿ.”

ಅವರು ಹರಿದರು.